ಹಣ್ಣುಹುಳದ ದಿನ ಬಂದ ಕಾಗದ

ನನ್ನ ತಮ್ಮ ಒಬ್ಬ ಮನುಷ್ಯನನ್ನು ಕೊಂದಿದ್ದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಊರಿನವರು ಈಗಲೂ ನನ್ನ ಮುಖ ಕಂಡರೆ, "ಪಾಪ, ಏನೂ ಅರೀದ ಹುಡುಗನ್ನ ಹೊರದೇಶದೋರು ತೆಗೆದುಬುಟ್ರು" ಅನ್ನುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಅರಿಯದ ಹುಡುಗನಲ್ಲ, ಇಪ್ಪತ್ತೇಳು ವರ್ಷದ ಗಂಡಸು. ಅಲ್ಲಿನ ಲೇಬರ್ ಕ್ಯಾಂಪಿನಲ್ಲಿ ನೀರಿನ ಸರದಿಗೆ ಜಗಳ ಬಿದ್ದು, ಲಾರಿಯ ಜಾಕಿನ ರಾಡಿನಿಂದ ಇನ್ನೊಬ್ಬ ಡ್ರೈವರನ ತಲೆಗೆ ಹೊಡೆದ. ಅವನು ಬೇರೆ ಯಾವುದೋ ದೇಶದಿಂದ ದುಡಿಯಲು ಬಂದವನು. ಮೂರನೆಯ ದಿನ ಸತ್ತ. ಅವನಿಗೂ ಊರಲ್ಲಿ ಒಬ್ಬ ಅಕ್ಕ ಇದ್ದಿರಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವಳ ಎದುರು ನಿಂತು ಆಡುವುದಕ್ಕೆ ನನ್ನ ಹತ್ತಿರ ಒಂದು ಮಾತೂ ಇಲ್ಲ.

ನಮ್ಮದು ರಾಮನಗರದಿಂದ ಕನಕಪುರದ ಕಡೆ ಹೋಗುವಾಗ ರಸ್ತೆ ಬಿಟ್ಟು ಮೂರು ಮೈಲಿ ಒಳಗಿರುವ ಊರು. ಆಗ ರೇಷ್ಮೆಗೆ ಒಳ್ಳೆಯ ಕಾಲ. ರಾಗಿ ಹೊಲ ಕಿತ್ತು ಹಿಪ್ಪುನೇರಳೆ ಹಾಕಿದವರೆಲ್ಲ ಹೆಂಚಿನ ಮನೆ ಕಟ್ಟಿದರು. ಪ್ರತ್ಯೇಕ ಹುಳದ ಮನೆ ಎಂಬುದು ಯಾರಿಗೂ ಇರಲಿಲ್ಲ. ನಡುಮನೆಯ ತುಂಬ ಹುಳದ ತಟ್ಟೆ, ಜಗುಲಿಯ ಮೇಲೆ ನಾವು. ಹುಳ ಇದ್ದ ದಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದಿದವರು ಹತ್ತಿರ ಸುಳಿಯುವಂತಿಲ್ಲ. ಉಪ್ಪುಸಾರು, ಮುದ್ದೆ, ಮತ್ತೆ ಉಪ್ಪುಸಾರು. ನಾನು ಗಂಡನ ಮನೆಯಲ್ಲಿ ಬಾಳಲಾರದೆ ಇಪ್ಪತ್ತಮೂರಕ್ಕೇ ವಾಪಸ್ಸು ಬಂದಿದ್ದೆ. ಅಪ್ಪ ಅಷ್ಟರಲ್ಲಿ ಇರಲಿಲ್ಲ. ಅವ್ವ, ನಾನು, ತಮ್ಮ, ಮೂರೇ ಜನ. ಹುಳದ ಯಜಮಾನಿಕೆ ನನ್ನದು. ಗಂಡ ಬೇಡವೆಂದ ಹೆಂಗಸು ಅಂತ ಆಡಿಕೊಂಡವರೇ ಬೆಳೆ ಕೆಟ್ಟಾಗ ನನ್ನ ಹತ್ತಿರ ಬಂದು, "ನಮ್ ಹುಳ ಯಾಕೋ ಸಪ್ಪಗವೆ, ಒಸಿ ಬಂದ್ ನೋಡವ್ವ" ಅನ್ನುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿದಾಗ ನನಗೆ ಎರಡು ಕೊಂಬು ಬರುತ್ತಿದ್ದವು.

ತಮ್ಮನಿಗೆ ಈ ಕೆಲಸ ಆಗುತ್ತಿರಲಿಲ್ಲ. ಸೊಪ್ಪಿನ ಕಾವು, ಹಿಕ್ಕೆಯ ವಾಸನೆ ಅವನಿಗೆ ತಲೆನೋವು. ಚನ್ನಪಟ್ಟಣದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಇದ್ದುಕೊಂಡು ಲಾರಿ ಓಡಿಸುವುದು ಕಲಿತ. ಒಂದು ದಿನ ಮಧ್ಯಾಹ್ನ ಮನೆಗೆ ಬಂದವನು ಸೊಪ್ಪು ಕೊಯ್ಯಲು ಹೋಗು ಅಂದರೆ ಮಗ್ಗುಲಾದ. ನಾನು, "ಹುಳಕ್ಕಿರೋ ನಿಯತ್ತು ನಿನಗಿಲ್ವಲ್ಲೋ! ಅದು ತಿಂದಿದ್ದಕ್ಕೆ ನೂಲಾದ್ರೂ ಬುಡ್ತದೆ" ಅಂದೆ. ನನ್ನ ಬಾಯಿಯೇ ಅಂಥದ್ದು. ಆರು ತಿಂಗಳೊಳಗೆ ಪಾಸ್‌ಪೋರ್ಟು ಮಾಡಿಸಿಕೊಂಡು ಹೊರಟುಬಿಟ್ಟ. ಊರವರಿಗೆ ಸಮುದ್ರದಾಚೆಯ ದೇಶವೆಲ್ಲ ದುಬೈಯೇ, ಅವನು ಹೋದದ್ದು ದುಬೈ ಅಲ್ಲ. ಹೆಸರು ಹೇಳಿ ಆಗಬೇಕಾದ್ದೇನೂ ಇಲ್ಲ.

ಸುದ್ದಿ ತಂದದ್ದು ಅವನ ಜೊತೆಗಾರನ ಕಾಗದ. ಅವನು ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಕಡೆಯುತ್ತಿದ್ದವನು, ಅಲ್ಲಿ ಬಡಗಿ ಕೆಲಸಕ್ಕೆ ಹೋಗಿದ್ದ, ಇಬ್ಬರೂ ಒಂದೇ ಕೋಣೆ. ಕಾಗದವನ್ನು ನಾನೇ ಓದಿದೆ. ಕೈ ತಪ್ಪಾಗಿದೆ, ಅಲ್ಲಿನ ಕೋರ್ಟು ಜೀವಕ್ಕೆ ಜೀವ ಅಂದಿದೆ, ಮೇಲಿನ ಕೋರ್ಟೂ ಅದನ್ನೇ ಅಂದಿದೆ, ಇನ್ನು ಉಳಿದದ್ದು ಆ ದೇಶದ ದೊರೆಯ ದಯೆ ಒಂದೇ, ನಮ್ಮ ಸರ್ಕಾರದ ಕಡೆಯಿಂದ ಹೇಳಿಸಿ ಎಂದು ಬರೆದಿದ್ದ. ಅವ್ವ ಪೂರ್ತಿ ಕೇಳಿಸಿಕೊಂಡಳು. "ಅಂಗಾರೆ ಇನ್ನೂ ಅವ್ನೆ ತಾನೆ?" ಅಂದಳು. ಅವ್ನೆ ಕಣವ್ವ ಅಂದೆ. "ಅಷ್ಟು ಸಾಕು ಬುಡು" ಎಂದು ಎದ್ದು ಸೊಪ್ಪು ಹೆಚ್ಚುವುದಕ್ಕೆ ಕೂತಳು. ಎಲೆ, ದಂಟು ಎಲ್ಲ ಒಂದೇ ಮಾಡಿ ಹೆಚ್ಚುತ್ತಿದ್ದಳು, ಕುಡುಗೋಲು ಕಿತ್ತುಕೊಂಡು ನಾನೇ ಹೆಚ್ಚಿದೆ.

ಸರ್ಕಾರ ಅಂದರೆ ಎಲ್ಲಿರುತ್ತದೆ ಎಂದು ನಮಗೇನು ಗೊತ್ತು? ಊರಿನ ಮೇಷ್ಟರ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿ ದೆಹಲಿಗೆ ಹಾಕಿದೆವು. ಎರಡು ತಿಂಗಳಿಗೆ ಉತ್ತರ ಬಂತು. ಮೇಷ್ಟರು ಓದಿ, "ವಿಷಯ ಪರಿಶೀಲನೆಯಲ್ಲಿದೆ ಅಂತ ಬರೆದವ್ರೆ" ಅಂದರು. ಮತ್ತೆ ಬರೆದೆವು. ಮತ್ತೆ ಅದೇ ಸಾಲು. ಮೂರನೆಯ ಸಲ ಬಂದಾಗ ಮೇಷ್ಟರು ಲಕೋಟೆ ಒಡೆಯದೆ ನನ್ನ ಮುಖ ನೋಡಿದರು. ನಡುವೆ ಒಬ್ಬ ಪೊಲೀಸಪ್ಪ ಬಂದು ಅಕ್ಕಪಕ್ಕದ ಮನೆಯಲ್ಲಿ ನನ್ನ ತಮ್ಮನ ಗುಣನಡತೆ ವಿಚಾರಿಸಿಕೊಂಡು ಹೋದ. ಪಕ್ಕದ ಮನೆಯ ಮುದುಕ, "ಕ್ವಾಪಿಷ್ಠ ಸೋಮಿ, ಆದ್ರೆ ಅವರಕ್ಕನಷ್ಟಲ್ಲ" ಅಂದನಂತೆ. ಅದನ್ನು ಬರೆದುಕೊಂಡನೋ ಬಿಟ್ಟನೋ.

ಕೊನೆಗೆ ಅವ್ವನನ್ನು ಕರೆದುಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಯಾರೋ ತೋರಿಸಿದ ಕಚೇರಿ. ಮೆಟ್ಟಿಲು ಹತ್ತಿ ಹತ್ತಿ ಅವ್ವನ ಮಂಡಿ ಬಿದ್ದುಹೋಯಿತು. ಗುಮಾಸ್ತ ತಲೆ ಎತ್ತದೆ, "ಡೆತ್ ಸರ್ಟಿಫಿಕೇಟ್ ತಂದಿದೀರಾ?" ಅಂದ.

"ಇನ್ನೂ ಸತ್ತಿಲ್ಲ ಸೋಮಿ, ಬದುಕವ್ನೆ" ಅಂದೆ.

ಅವನು ಈಗ ತಲೆ ಎತ್ತಿದ. "ಹೊರದೇಶದಲ್ಲಿ ತೀರಿಕೊಂಡೋರ ಬಾಡಿ ತರಿಸೋದಾದ್ರೆ ಆ ಮೂಲೆ ಟೇಬಲ್. ಸಂಬಳ ಕೊಡದೆ ಓಡಿಸಿದ್ರೆ ಈ ಟೇಬಲ್. ನಿಮ್ಮದು ಎರಡಕ್ಕೂ ಬರಲ್ವಲ್ಲಮ್ಮಾ" ಅಂದ. ಬೈಗುಳದ ದನಿಯಲ್ಲಿ ಅಲ್ಲ, ನಿಜವಾಗಿಯೂ ದಿಕ್ಕು ತೋಚದೆ ಹೇಳಿದ. ನನಗೆ ಎಲ್ಲಿತ್ತೋ ಸಿಟ್ಟು, "ಅಂಗಾರೆ ಅವನು ಸತ್ತ ಮ್ಯಾಕೆ ಬತ್ತೀವಿ ಬುಡಿ! ಆವಾಗ ಟೇಬಲ್ ಸಿಕ್ತದೆ!" ಎಂದು ಕಿರುಚಿದೆ. ಟೈಪು ಮಷೀನುಗಳೆಲ್ಲ ನಿಂತವು.

ಆ ಕಿರುಚಾಟದಿಂದ ಒಂದು ಉಪಕಾರವಾಯಿತು. ಒಳಗಿನಿಂದ ವಯಸ್ಸಾದ ಒಬ್ಬ ಅಧಿಕಾರಿ ಬಂದು ನಮ್ಮನ್ನು ಕೂರಿಸಿ, ಅವ್ವನಿಗೆ ನೀರು ಕೊಡಿಸಿ, ಕಾಗದವೆಲ್ಲ ಓದಿದರು. ಒಳ್ಳೆಯ ಮನುಷ್ಯ. ಅವರು ಬಿಡಿಸಿ ಹೇಳಿದರು: ಆ ದೇಶದ ದೊರೆಗೆ ತಾಯಿಯ ಕ್ಷಮಾ ಅರ್ಜಿ ಹೋಗಬೇಕು. ನಮ್ಮ ಸರ್ಕಾರ ಕಳಿಸುತ್ತದೆ. ಆದರೆ ಈಕೆಯೇ ತಾಯಿ ಎಂದು ಕಂದಾಯ ಇಲಾಖೆಯವರು ಎದುರಿಗೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರೆದುಕೊಡಬೇಕು. "ಅಲ್ಲಿ ಕೆಲವು ಸಲ ತಾಯಿ ಮಾತಿಗೆ ಬೆಲೆ ಕೊಟ್ಟಿದಾರಮ್ಮಾ. ಗ್ಯಾರಂಟಿ ಹೇಳಲ್ಲ. ಕಾಗದ ನಿಮ್ಮ ಮನೆ ಬಾಗಿಲಿಗೇ ಬರುತ್ತೆ. ಬಂದ ಏಳು ದಿನದೊಳಗೆ ವಾಪಸ್ ಹೋಗ್ಬೇಕು, ಅದೊಂದು ನೆನಪಿಟ್ಕೊಳ್ಳಿ."

ನೆನಪಿಟ್ಟುಕೊಂಡೆವು. ಅವ್ವ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ದಾರಿ ನೋಡುವಳು. ಒಂದು ತಿಂಗಳು, ಮೂರು ತಿಂಗಳು, ಎಂಟು ತಿಂಗಳು. ನನ್ನ ತಲೆಯಲ್ಲಿ ಆ ಕಾಗದ ಹೇಗೆ ಬರುತ್ತದೆ ಎಂಬ ಒಂದು ಚಿತ್ರ ಕೂತುಬಿಟ್ಟಿತ್ತು. ಜೀಪು ಬರುತ್ತದೆ, ಪ್ಯಾಂಟು ಹಾಕಿದ ದೊಡ್ಡವರು ಇಳಿಯುತ್ತಾರೆ, ಕೆಂಪು ಅರಗಿನ ಮುದ್ರೆ ಇರುತ್ತದೆ. ಜೀವ ಉಳಿಸುವ ಕಾಗದ ಅಲ್ಲವೇ, ಅಷ್ಟಾದರೂ ಇರುತ್ತದೆ ಅಂದುಕೊಂಡಿದ್ದೆ.

ಗೌರಿ ಹಬ್ಬಕ್ಕೆ ಇನ್ನು ಹತ್ತು ದಿನ ಇತ್ತು. ಆ ಬೆಳೆಯನ್ನು ಹಬ್ಬಕ್ಕೆ ಮುಂಚೆ ಗೂಡು ಬಿಡಿಸುವ ಲೆಕ್ಕದಲ್ಲೇ ನಮ್ಮ ಕಡೆ ಎಲ್ಲರೂ ಹಿಡಿಯುವುದು. ನಾಲ್ಕನೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಎಂಟು ದಿನ ಮಳೆ ಸುರಿದ ಸದ್ದು ಮಾಡುತ್ತ ಸೊಪ್ಪು ತಿಂದ ಹುಳ ಆವತ್ತು ಬೆಳಿಗ್ಗೆ ಹಣ್ಣಾದವು. ಹುಳ ಹಣ್ಣಾಗುವುದು ಅಂದರೆ ಮೇವು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಜಾಗ ಹುಡುಕುವುದು. ಆಗ ಒಂದೊಂದನ್ನೂ ಕೈಯಲ್ಲಿ ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡ ಮಾಡಿದರೆ ತಟ್ಟೆಯಲ್ಲೇ ನೂಲು ಉಗುಳಿ ಹಾಳಾಗುತ್ತವೆ. ಆ ದಿನ ನಮ್ಮಲ್ಲಿ ಬಾಣಂತಿ ಮನೆಗಿಂತ ಹೆಚ್ಚಿನ ಮಡಿ. ಬಾಗಿಲಿಗೆ ಬೇವಿನ ಸೊಪ್ಪು, ಹೊಸ್ತಿಲಿಗೆ ಸುಣ್ಣದ ಗೆರೆ. ಮನೆ ಮಗಳೇ ತವರಿಗೆ ಬಂದರೂ ಗೆರೆಯಾಚೆ ನಿಲ್ಲಬೇಕು. ಕೆಲಸಕ್ಕೆ ಕೆಲಸ ಎಂದು ಮುಯ್ಯಿಗೆ ಬಂದ ಇಬ್ಬರು ನೆರೆಮನೆಯ ಹೆಂಗಸರು, ಅವ್ವ, ನಾನು, ಬೆಳಗಿನಿಂದ ಬಗ್ಗಿಸಿದ ಬೆನ್ನು ಎತ್ತಿರಲಿಲ್ಲ.

ಹತ್ತು ಗಂಟೆ ಹೊತ್ತಿಗೆ ಶಾನುಭೋಗರು ಬಂದರು. ಆ ಹುದ್ದೆಗೆ ಸರ್ಕಾರ ಬೇರೆ ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು, ನಮಗೆ ಮಾತ್ರ ಅವರು ಶಾನುಭೋಗರೇ. ಎರಡು ತಿಂಗಳಿಗೊಮ್ಮೆ ಕಂದಾಯವೋ, ಪಹಣಿಯೋ, ಅವ್ವನ ವಿಧವಾ ಪಿಂಚಣಿಯೋ ಅಂತ ಒಂದಲ್ಲ ಒಂದಕ್ಕೆ ಬರುತ್ತಿದ್ದವರು. ಕಂಕುಳಲ್ಲಿ ಒಂದು ಉದ್ದನೆಯ ಲಕೋಟೆ ಇತ್ತು. ನಾನು ಬಾಗಿಲಿಗೆ ಬಂದು ಅಡ್ಡ ನಿಂತೆ.

"ಅಲ್ಲೇ ನಿಂತ್ಕಳಿ ಸೋಮಿ, ದಾಟಬೇಡಿ. ಹುಳ ಹಣ್ಣಾಗ್ಬುಟ್ಟವೆ."

"ನಿಮ್ಮವ್ವನ ಹೆಬ್ಬೆಟ್ಟು ಬೇಕಿತ್ತಲ್ಲಮ್ಮಾ. ಸರ್ಕಾರದ ಕಾಗದ."

"ಸರ್ಕಾರದ ಕಾಗದ ಎಲ್ಲೋಯ್ತದೆ? ಹುಳ ನಿಲ್ಲಕಿಲ್ಲ. ಗೂಡು ಬುಡಿಸಿದ ಮ್ಯಾಕೆ ಬನ್ನಿ, ಒಂದ್ ವಾರ."

"ತಾಲ್ಲೂಕಿನೋರು ಅರ್ಜೆಂಟು ಅಂದವ್ರೆ. ಒಂದ್ನಿಮಿಷದ ಕೆಲಸ, ಆಚೆ ಕರೀರಿ."

"ಮಸಿ ಬಳ್ಕಂಡ ಕೈಲಿ ಹುಳ ಆಯಕ್ಕಾಯ್ತದ? ನೀವೇ ಹೇಳಿ."

ಅವರಿಗೂ ರೇಗಿತು. "ಬಿಸಿಲಲ್ಲಿ ಮೂರು ಮೈಲಿ ನಡೆದು ಬಂದಿದೀನಿ ನಾನು" ಅಂದರು. "ನಾನೇನು ಕರೆದ್ನಾ?" ಅಂದೆ. ಅವರು ಜೇಬಿನಿಂದ ನಶ್ಯದ ಡಬ್ಬಿ ತೆಗೆದರು. ನಶ್ಯದ ಘಾಟು ಹುಳಕ್ಕೆ ವಿಷ. "ಅಯ್ಯಯ್ಯೋ, ಆ ಕಡೆ ಹೋಗಿ ಸೋಮಿ, ಮನೆ ಹಾಳ್ಮಾಡ್ಬೇಡಿ!" ಎಂದು ಕೂಗಿದೆ. ಅವರು ಡಬ್ಬಿ ಜೇಬಿಗೆ ಹಾಕಿ ತಿರುಗಿ ಹೋದರು. ಒಳಗೆ ಬಂದು ಮುಯ್ಯಿ ಹೆಂಗಸರಿಗೆ ಅವರ ನಡಿಗೆಯನ್ನು ಅಣಕಿಸಿ ತೋರಿಸಿ ನಗಿಸಿದೆ. ಅವ್ವ ನಡುಮನೆಯ ಹಿಂದಿನ ಕೋಣೆಯಲ್ಲಿದ್ದಳು, ಅವಳಿಗೆ ಏನೂ ಕೇಳಿರಲಿಲ್ಲ. ಯಾವ ಕಾಗದ ಎಂಬ ಒಂದು ಮಾತನ್ನು ನಾನು ಕೇಳಲಿಲ್ಲ. ಪಿಂಚಣಿಯದು ಅಂದುಕೊಂಡೆ. ಅಷ್ಟೇ. ಇಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ, ಅದರಲ್ಲಿ ಇದಕ್ಕಿಂತ ದೊಡ್ಡ ಕಾರಣ ಏನೂ ಸಿಕ್ಕಿಲ್ಲ.

ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಿ ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಶಾನುಭೋಗರು ಸಿಕ್ಕಿದರು. ಒಂಬತ್ತು ದಿನವಾಗಿತ್ತು. ನಾನೇ ಹೋಗಿ, "ಈಗ ಬನ್ನಿ ಸೋಮಿ, ಹೆಬ್ಬೆಟ್ಟು ಒತ್ತುಸ್ತೀನಿ" ಅಂದೆ. ಅವರು ನೆಲ ನೋಡಿದರು. "ಅದು ನಿಮ್ಮ ತಮ್ಮಂದಂತೆ ಕಣಮ್ಮಾ. ನನಗೂ ಗೊತ್ತಿರಲಿಲ್ಲ, ಲಕೋಟೆ ಅಂಟಿಸಿತ್ತು, ಹೆಬ್ಬೆಟ್ಟು ಒತ್ತಿಸುವಾಗ ಒಡೀಬೇಕು ಅಂದಿದ್ರು. ಏಳು ದಿನದ ವಾಯಿದೆ. ಷರಾ ಬರೆದು ವಾಪಸ್ ಕಳಿಸ್ದೆ" ಅಂದರು.

"ಏನಂತ ಬರುದ್ರಿ?"

ಅವರು ಬಸ್ಸಿನ ಕಡೆ ಹೆಜ್ಜೆ ಹಾಕಿದರು. ನಾನು ಅವರ ಅಂಗಿ ಹಿಡಿದುಕೊಂಡೆ. ನಾಲ್ಕು ಜನ ಬಿಡಿಸಿದರು. ಆಗ ಹೇಳಿದರು: 'ಕುಟುಂಬದವರು ಹೇಳಿಕೆ ನೀಡಲು ನಿರಾಕರಿಸಿರುತ್ತಾರೆ.' ಬರೆಯುವಾಗ ಅವರಿಗೆ ನನ್ನ ಮೇಲಿದ್ದ ಸಿಟ್ಟೆಲ್ಲ ಆ ಒಂದು ಸಾಲಿನಲ್ಲಿತ್ತು. 'ಮನೆಯಲ್ಲಿ ಸಿಗಲಿಲ್ಲ' ಎಂದು ಬರೆದಿದ್ದರೆ ಮತ್ತೊಮ್ಮೆ ಬರುತ್ತಿತ್ತೇನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಹೋಗಿದ್ದು ದೆಹಲಿಗೆ.

ತಾಲ್ಲೂಕು ಕಚೇರಿಗೆ ಓಡಿದೆ. ಫೈಲು ಬೆಂಗಳೂರಿಗೆ ಹೋಗಿತ್ತು. ಬೆಂಗಳೂರಿನಲ್ಲಿ ಆ ಒಳ್ಳೆಯ ಅಧಿಕಾರಿ ರಿಟೈರಾಗಿದ್ದರು, ಫೈಲು ದೆಹಲಿಗೆ ಹೋಗಿತ್ತು. ಅವರ ಕುರ್ಚಿಯಲ್ಲಿದ್ದವನು, "ಇಲ್ಲ ಅಂತ ನೀವೇ ಹೇಳಿದೀರಲ್ಲಮ್ಮಾ" ಎಂದು ಬೆರಳಿನಿಂದ ಮೇಜು ತಟ್ಟಿದ. ಕಾಲು ಹಿಡಿದೆ. ಯಾರ ಕಾಲನ್ನೂ ಹಿಡಿದವಳಲ್ಲ ನಾನು. ಕೊನೆಗೆ ಹೊಸದಾಗಿ ಒಂದು ಹೇಳಿಕೆ ಬರೆಸಿಕೊಟ್ಟರು. ಅವ್ವನ ಹತ್ತಿರ, "ಕಾಗದ ಬಂದೈತೆ, ಬಾ" ಅಂತಷ್ಟೇ ಹೇಳಿ ತಾಲ್ಲೂಕಿಗೆ ಕರೆದುಕೊಂಡು ಹೋದೆ. ಮೊದಲೊಂದು ಬಂದಿತ್ತು ಅನ್ನಲಿಲ್ಲ. ಅವ್ವ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ ಎಷ್ಟು ಗಟ್ಟಿಯಾಗಿ ಒತ್ತಿದಳೆಂದರೆ ಕಾಗದದ ಆಚೆ ಬದಿಗೂ ಮೂಡಿತು. ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತ, "ಕೊನೆಗೂ ಕೇಳುದ್ರಲ್ಲ, ಪುಣ್ಯಾತ್ಮರು" ಅಂದಳು.

ಐದು ತಿಂಗಳ ಮೇಲೆ ದೆಹಲಿಯಿಂದ ಕಾಗದ ಬಂತು. ಶಿಕ್ಷೆ ಜಾರಿಯಾಗಿದೆ, ಅಲ್ಲಿಯೇ ಮಣ್ಣು ಮಾಡಲಾಗಿದೆ, ವಿಷಾದವಿದೆ. ಅವರು ಕೊಟ್ಟ ತಾರೀಕು ನೋಡಿದರೆ ಅವ್ವ ಹೆಬ್ಬೆಟ್ಟು ಒತ್ತಿದ ಇಪ್ಪತ್ತು ದಿನಕ್ಕೇ ಅವನು ಇರಲಿಲ್ಲ. ಆಮೇಲೆ ನಾಲ್ಕು ತಿಂಗಳು ಅವ್ವ ಅವನ ಹೆಸರಿನಲ್ಲಿ ದೀಪ ಹಚ್ಚಿದ್ದಳು. ಎರಡನೆಯ ಕಾಗದ ಸಮುದ್ರ ದಾಟಿತೋ ಇಲ್ಲವೋ, ಮೊದಲನೆಯದು ದಾಟಿದ್ದರೂ ದೊರೆ ಕೇಳುತ್ತಿದ್ದನೋ ಇಲ್ಲವೋ, ಯಾರನ್ನು ಕೇಳಲಿ? ಅದು ನನಗೆ ಗೊತ್ತಾಗುವುದಿಲ್ಲ. ಗೊತ್ತಾಗದೆ ಸಾಯುತ್ತೇನೆ.

ಅವ್ವ ಬೀದಿಯಲ್ಲಿ ನಿಂತು ಸರ್ಕಾರಕ್ಕೆ ಶಾಪ ಹಾಕಿದಳು. "ಒಂದ್ ವರ್ಸ ಕಾಯ್ಸಿ ಕಾಯ್ಸಿ ನನ್ನ ಹತ್ರ ಹೆಬ್ಬೆಟ್ಟು ಈಸ್ಕಂಡ್ರಲ್ಲ, ಅವರ ಮನೆ ಎಕ್ಕುಟ್ಟೋಗ!" ಊರೆಲ್ಲ ಹೌದು ಹೌದು ಅಂದಿತು. ನಾನೂ ಅಂದೆ. ಅವಳಿಗಿಂತ ಜೋರಾಗಿ ಬೈದೆ. ಮುಯ್ಯಿಗೆ ಬಂದಿದ್ದ ಆ ಇಬ್ಬರು ಹೆಂಗಸರು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು. ಅವರ ಬಾಯಿಯಿಂದ ಒಂದು ಮಾತೂ ಹೊರಬರಲಿಲ್ಲ, ಅವರ ಋಣ ದೊಡ್ಡದು. ಸರ್ಕಾರದ ತಪ್ಪೇನೂ ಇರಲಿಲ್ಲ ಅನ್ನುತ್ತಿಲ್ಲ. ಇತ್ತು, ಬೇಕಾದಷ್ಟಿತ್ತು. ಆದರೆ ಅವರ ತಪ್ಪಿನ ಹಿಂದೆ ನಾನು ಅವಿತುಕೊಂಡಿದ್ದೆ.

ಮರುವರ್ಷ ಚನ್ನಪಟ್ಟಣದ ಆ ಜೊತೆಗಾರ ಊರಿಗೆ ಬಂದವನು ನಮ್ಮ ಮನೆಗೆ ಬಂದ. ತಮ್ಮನ ಎರಡು ಅಂಗಿ, ಒಂದು ವಾಚು, ಒಂದು ಕಂಬಳಿ ತಂದಿದ್ದ. ಜೈಲಿಗೆ ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದನಂತೆ. ಅವ್ವ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು, "ಕೊನೆಗೆ ಏನಂದ ನನ್ನ ಮಗ? ಎಲ್ಲಾ ಹೇಳು" ಅಂದಳು.

ಅವನು ಹಿಂದೆ ಮುಂದೆ ನೋಡಿದ. "ಅಮ್ಮಾ, ನಮ್ ದೇಶದ ಆಫೀಸಿನೋರು ಒಂದಿನ ಜೈಲಿಗೆ ಬಂದು ಹೇಳಿದ್ರಂತೆ. ನಿಮ್ಮನೆಯೋರು ಹೆಬ್ಬೆಟ್ಟು ಕೊಡಲ್ಲ ಅಂದ್ಬುಟ್ಟವ್ರೆ ಅಂತ."

"ಯಾರಂದೋರು?" ಅವ್ವ ನೆಟ್ಟಗೆ ಕೂತಳು. "ಕೇಳ್ತಿದ್ದಂಗೆ ಒತ್ತಿದ್ನಲ್ಲೋ ನಾನು!"

"ಅವನು ನಂಬಲಿಲ್ಲ ಅಮ್ಮಾ. ನನ್ನ ಹತ್ರ ಹೇಳ್ಕೊಂಡು ನಗಾಡ್ದ. ಕಾಗದ ನಮ್ಮನೆಗೆ ಹೋಗಿದ್ದು ಯಾವಾಗ ಅಂತ ಅವ್ರನ್ನ ಕೇಳ್ದನಂತೆ, ಗೌರಿ ಹಬ್ಬದ ಹತ್ತು ದಿನ ಮುಂಚೆ ಅಂತ ಲೆಕ್ಕ ಹಾಕ್ದ. 'ಅಕ್ಕ ಹಣ್ಣುಹುಳ ಆಯ್ತಾ ಇದ್ದಿರ್ತಾಳೆ ಕಣೋ. ಆ ಟೈಮಲ್ಲಿ ಯಮ ಬಂದ್ರೂ ಒಂದ್ ವಾರ ಬುಟ್ಟು ಬಾ ಅಂತಾಳೆ. ನಮ್ಮವ್ವಂಗೆ ಗೊತ್ತೇ ಇರಕಿಲ್ಲ' ಅಂದ."

ಅವ್ವ ನನ್ನ ಕಡೆ ತಿರುಗಿದಳು. ನಾನು ಸುಳ್ಳು ಹೇಳಬಹುದಾಗಿತ್ತು. ಬಾಯಿ ಬರಲಿಲ್ಲ. ಶಾನುಭೋಗರು ಬಂದದ್ದು, ನಾನು ಅಂದದ್ದು, ಅವರು ಬರೆದದ್ದು, ಎಲ್ಲ ಹೇಳಿದೆ. ಆ ಹುಡುಗ ತಾನು ಏನು ಮಾಡಿಬಿಟ್ಟೆ ಎಂದು ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತ ಕೂತಿದ್ದ.

"ನಾನು ಆಗ ಎಲ್ಲಿದ್ದೆ?" ಅಂದಳು ಅವ್ವ.

"ಹಿಂದಿನ ಕೋಣೆಲಿ ಕಣವ್ವ. ಹುಳ ಆಯ್ತಿದ್ದೆ."

"ಬಾಗಿಲಿಂದ ಅದೆಷ್ಟು ದೂರ?"

"ಹತ್ತು ಹೆಜ್ಜೆ."

ಅವ್ವ ಆ ಕೋಣೆಯ ಕಡೆ ನೋಡಿದಳು. "ಒಂದ್ ಕೂಗು ಹಾಕಿದ್ರೆ ಬತ್ತಿದ್ನಲ್ಲ ಮಗಾ" ಅಂದಳು.

ಅವ್ವ ಆಮೇಲೆ ಒಂಬತ್ತು ವರ್ಷ ಬದುಕಿದ್ದಳು. ಆ ವಿಷಯಕ್ಕೆ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.